ಬಾಗಿಲು-ಮಂಚಗಳಿಗೆ ಎಣ್ಣೆಯೋ, ವಾರ್ನಿಶೋ?

ಹಿಂಗಾರಿ ಜೋಳದ ಹೊಲದ ಸುತ್ತ ನಾಲ್ಕು ಸಾಲು ಮುಳ್ಳಿನ ಕುಸುಬಿ, ನಡುವೆ ಅಲ್ಲಲ್ಲಿ ಅಗಸಿಯ ಅಕ್ಕಡಿ. ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿ ಸುತ್ತಿನ ಎರೆಭೂಮಿಯಲ್ಲಿ ಹಿರಿಯರು ಬಿತ್ತುತ್ತ ಬಂದ ರೀತಿ ಇದು. ಕುಸುಬಿಯ ಮುಳ್ಳು ದನಗಳನ್ನು ತಡೆಯುತ್ತದೆ, ಕಾಳು ಒಗ್ಗರಣೆಯ ಎಣ್ಣೆಯಾಗುತ್ತದೆ. ಅಗಸಿ ಚಟ್ನಿಹಿಂಡಿಗೆ ಹೋಗುತ್ತದೆ. ಈಚಿನ ವರುಷಗಳಲ್ಲಿ ಕಡಲೆಯ ಮುಂದೆ ಇವೆರಡೂ ಹಿಂದೆ ಸರಿದಿವೆಯಾದರೂ ಪೂರ್ತಿ ಮರೆಯಾಗಿಲ್ಲ. ಮನೆಯ ಬಾಗಿಲು, ಮಂಚ, ಕಪಾಟುಗಳಿಗೆ ಹಚ್ಚಲು ದೂರದ ದೇಶಗಳ ಬಡಿಗರು ಹುಡುಕಿಕೊಂಡು ಹೋಗುವ ಎಣ್ಣೆಗಳಲ್ಲಿ ಈ ಎರಡಕ್ಕೂ ಸ್ಥಾನವಿದೆಯೆಂಬುದು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ಬದುವಿನ ಮೇಲಿನ ಹಳೆಯ ಬೇವು ಬಿದ್ದಿತೆನ್ನಿ, ಅಥವಾ ಮಗಳ ಮದುವೆಗೆಂದು ಬೇಕೆಂದೇ ಕಡಿಸಿದಿರೆನ್ನಿ. (ಕಡಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.) ಕೊಯ್ಸಿದ ಕೂಲಿ, ಬಡಿಗನ ಕೂಲಿ ಸೇರಿ ಸಾವಿರಗಟ್ಟಲೆ ರೂಪಾಯಿ ಹೋಗುತ್ತದೆ. ಕಡೆಯ ಎರಡು ದಿನದ ಕೆಲಸವನ್ನು ಮಾತ್ರ ಅಂಗಡಿಯವನ ಮಾತಿಗೆ ಬಿಡುತ್ತೇವೆ. ಅವನು ಕೊಟ್ಟ ಡಬ್ಬಿಯ ವಾರ್ನಿಶು ಮೊದಲ ದಿನ ಕನ್ನಡಿಯಂತೆ ಹೊಳೆಯುತ್ತದೆ. ಪಡುವಣ ಬಿಸಿಲು ಬೀಳುವ ತಲಬಾಗಿಲಿನ ಮೇಲೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ವಾರ್ನಿಶು ಹಾವಿನ ಪೊರೆಯಂತೆ ಸುಲಿಯುತ್ತದೆ, ಸಂದಿನಲ್ಲಿ ಮಳೆಯ ನೀರು ಇಳಿದು ಕಟ್ಟಿಗೆ ಕಪ್ಪಾಗುತ್ತದೆ. ಹಾಗೆಂದು ವಾರ್ನಿಶು ಕೆಟ್ಟದ್ದೆನ್ನಬಾರದು, ಅದನ್ನು ಹಚ್ಚಿದ ಜಾಗ ತಪ್ಪಿತ್ತು. ಎಲ್ಲಿಗೆ ಎಣ್ಣೆ, ಎಲ್ಲಿಗೆ ವಾರ್ನಿಶು, ಎಲ್ಲಿಗೆ ಎರಡರ ಮಿಶ್ರಣ ಎಂಬುದನ್ನು ತಿಳಿದುಕೊಂಡರೆ ಈ ಖರ್ಚು ಉಳಿಯುತ್ತದೆ.

ಎಣ್ಣೆ ಆರುವುದೆಂದರೆ

ನೀರು ಆರುವುದು ಬೇರೆ, ಎಣ್ಣೆ ಆರುವುದು ಬೇರೆ. ನೀರು ಆವಿಯಾಗಿ ಹೋಗುತ್ತದೆ. ಅಗಸಿ ಎಣ್ಣೆಯಿಂದ ಹಾಗೆ ಏನೂ ಹಾರಿಹೋಗುವುದಿಲ್ಲ. ಅದು ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿಕೊಂಡು, ತನ್ನ ಕಣಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಪದರವಾಗುತ್ತದೆ. ಆದ್ದರಿಂದಲೇ ಆರಿದ ಎಣ್ಣೆಯ ತೂಕ ಹಸಿ ಎಣ್ಣೆಗಿಂತ ಹೆಚ್ಚಾಗಿರುತ್ತದೆ. ಹೀಗೆ ಹೆಣೆದುಕೊಳ್ಳುವ ಶಕ್ತಿ ಎಲ್ಲ ಎಣ್ಣೆಗಳಿಗೂ ಇಲ್ಲ. ಇದನ್ನು ಅಳೆಯಲು ವಿಜ್ಞಾನಿಗಳು ಅಯೋಡಿನ್ ಅಂಕವೆಂಬ ಮಾನವನ್ನು ಬಳಸುತ್ತಾರೆ. ಅಗಸಿಗೆ ಇದು ಸುಮಾರು 170ಕ್ಕೂ ಮೇಲೆ, ಕುಸುಬಿಗೆ 140ರ ಆಸುಪಾಸು. 130ಕ್ಕಿಂತ ಮೇಲಿದ್ದವು ಆರುವ ಎಣ್ಣೆಗಳೆಂದು ಸಾಮಾನ್ಯ ಲೆಕ್ಕ. ಸೂರ್ಯಕಾಂತಿ ಅರೆಬರೆ ಆರುತ್ತದೆ. ಶೇಂಗಾ 100ರ ಕೆಳಗುಮೇಲೆ, ಔಡಲ 80-90, ಕೊಬ್ಬರಿಯಂತೂ 10ರ ಆಸುಪಾಸು. ಇವು ಎಷ್ಟು ದಿನ ಇಟ್ಟರೂ ಆರವು. ಮಂಚಕ್ಕೆ ಶೇಂಗಾ ಎಣ್ಣೆ ಸವರಿದರೆ ಧೂಳು ಹಿಡಿದು ಜಿಗುಟಾಗುತ್ತದೆ, ಕೆಲವು ದಿನಗಳಲ್ಲಿ ಕಮಟು ವಾಸನೆಯೂ ಬರುತ್ತದೆ. ಬೇವಿನ ಎಣ್ಣೆಯೂ ಆರದು. ಹುಳದ ಭಯಕ್ಕೆ ಅದನ್ನು ಒಳಮೈಗೆ ಹಚ್ಚುವವರಿದ್ದಾರೆ. ಹಚ್ಚಿದ ಮೇಲೆ ಅದರ ಮೇಲೆ ವಾರ್ನಿಶು ನಿಲ್ಲುವುದಿಲ್ಲವೆಂಬುದು ನೆನಪಿರಲಿ.

ಅಗಸಿ ಬೇಗ ಆರುತ್ತದೆ, ಗಟ್ಟಿಯಾದ ಪದರ ಕೊಡುತ್ತದೆ, ಆದರೆ ವರುಷ ಕಳೆದಂತೆ ಹಳದಿ ತಿರುಗುತ್ತದೆ. ಕತ್ತಲೆಯ ಕೋಣೆಯಲ್ಲಿ ಇದು ಹೆಚ್ಚು. ಕುಸುಬಿ ನಿಧಾನ, ಪದರ ಕೊಂಚ ಮೆತ್ತಗೆ, ಆದರೆ ಬಣ್ಣ ಅಷ್ಟು ಕೆಡುವುದಿಲ್ಲ. ಹಳದಿ ತರುವ ಲಿನೋಲೆನಿಕ್ ಎಂಬ ಆಮ್ಲ ಅಗಸಿಯಲ್ಲಿ ಅರ್ಧದಷ್ಟಿದ್ದರೆ ಕುಸುಬಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರ ಬರೆಯುವವರು ಬಿಳಿ ಬಣ್ಣವನ್ನು ಕುಸುಬಿ ಎಣ್ಣೆಯಲ್ಲಿ ಅರೆದುಕೊಳ್ಳುವುದು ಈ ಕಾರಣಕ್ಕೆ. ತೊಗಲು ನೀರು ಕುಡಿಯದಂತೆ ಮಾಡಲು ಹಿಂದೆ ಕುಸುಬಿ ಎಣ್ಣೆಯನ್ನು ತಾಸುಗಟ್ಟಲೆ ಕುದಿಸಿ, ತಣ್ಣೀರಿಗೆ ಸುರಿದು, ರೋಗನ್ ಎಂಬ ಅಂಟನ್ನು ತೆಗೆಯುತ್ತಿದ್ದರು. ಪೇಶಾವರದ ಕಡೆ ಇದೇ ಅಂಟಿನಿಂದ ಬಟ್ಟೆಯ ಮೇಲೆ ಚಿತ್ತಾರ ಬಿಡಿಸುವ ಕಸುಬು ಬೆಳೆದಿತ್ತು. ಮನೆಯಲ್ಲಿ ಯಾರೂ ಇದನ್ನು ಪರೀಕ್ಷಿಸಿ ನೋಡಬಾರದು. ಕುದಿಯುವ ಎಣ್ಣೆ ಒಲೆಯ ಮೇಲೆಯೇ ಹೊತ್ತಿಕೊಳ್ಳುತ್ತದೆ.

ಕುಸುಬಿಯ ವಿಷಯದಲ್ಲಿ ಇನ್ನೊಂದು ಮಾತು. ಅಡಿಗೆಗೆ ಉತ್ತಮವೆಂದು ಓಲಿಕ್ ಆಮ್ಲ ಹೆಚ್ಚಿರುವ ತಳಿಗಳು ಈಗ ಬಂದಿವೆ. ಅಂಥ ಎಣ್ಣೆ ಕೆಡದೆ ಬಹಳ ದಿನ ಬಾಳುತ್ತದೆ, ಅದಕ್ಕಾಗಿಯೇ ಕಟ್ಟಿಗೆಯ ಮೇಲೆ ಆರುವುದೂ ಇಲ್ಲ. ಅಂಗಡಿಯ ಶುದ್ಧೀಕರಿಸಿದ ಎಣ್ಣೆಗೂ ಕೆಡದಿರಲೆಂದು ಔಷಧಿ ಸೇರಿಸಿರುವುದುಂಟು, ಅದೂ ಆರಲು ತಡ ಮಾಡುತ್ತದೆ. ಹಳೆಯ ತಳಿಯ ಕಾಳನ್ನು ಊರ ಗಾಣದಲ್ಲಿ ಹಾಕಿಸಿ ತಂದ ಎಣ್ಣೆಯೇ ಕಟ್ಟಿಗೆಗೆ ಲೇಸು. ಕುಸುಬಿಯಲ್ಲಿ ನೂರಕ್ಕೆ 30ರ ಆಸುಪಾಸು, ಅಗಸಿಯಲ್ಲಿ 35ರಿಂದ 40ರಷ್ಟು ಎಣ್ಣೆಯಿರುತ್ತದೆ. ಗಾಣದಲ್ಲಿ ಅಷ್ಟೂ ಬರದೆಂದು ಲೆಕ್ಕ ಹಿಡಿದರೂ ನಾಲ್ಕೈದು ಕಿಲೋ ಕುಸುಬಿಗೆ ಸುಮಾರು ಒಂದು ಕಿಲೋ ಎಣ್ಣೆ ಸಿಗುತ್ತದೆ. ಗಾಣದ ಎಣ್ಣೆಯನ್ನು ಹದಿನೈದು ದಿನ ಅಲುಗಿಸದೆ ಇಟ್ಟು, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಬಸಿದುಕೊಳ್ಳಿರಿ.

ಎಣ್ಣೆ ಆರುವುದೋ ಇಲ್ಲವೋ ಎಂದು ನೋಡಲು ಪ್ರಯೋಗಶಾಲೆ ಬೇಡ. ಗಾಜಿನ ಚೂರಿನ ಮೇಲೆ ಒಂದು ಹನಿ ಹಾಕಿ ಬೆರಳಿನಿಂದ ತೆಳ್ಳಗೆ ಹರಡಿ ಕಿಟಕಿಯಲ್ಲಿಡಿರಿ. ಹಸಿ ಅಗಸಿ ಎಣ್ಣೆ ನಾಲ್ಕೈದು ದಿನಗಳಿಂದ ವಾರದೊಳಗೆ ಬೆರಳಿಗೆ ಹತ್ತದಂತಾಗಬೇಕು. ಕುಸುಬಿಗೆ ಇನ್ನೂ ಕೆಲವು ದಿನ ಬೇಕು. ಎರಡು ಮೂರು ವಾರವಾದರೂ ಜಿಗುಟು ಹೋಗದಿದ್ದರೆ ಅದರಲ್ಲಿ ಬೇರೆ ಎಣ್ಣೆ ಬೆರೆತಿದೆ. ಪೇಟೆಯಲ್ಲಿ ಅಲಸಿ ಎಣ್ಣೆಯೆಂದು ಮಾರುವ ಡಬ್ಬಿಗೂ ಇದೇ ಪರೀಕ್ಷೆ. ಕುದಿಸಿದ ಅಲಸಿ ಎಣ್ಣೆಯೆಂದು ಬರುವುದಕ್ಕೆ ಬೇಗ ಆರಿಸುವ ಲೋಹದ ಲವಣ ಸೇರಿಸಿರುತ್ತಾರೆ, ಅದು ಒಂದು ದಿನದಲ್ಲಿ ಆರಬೇಕು. ಅಂಥದ್ದನ್ನು ಉಣ್ಣುವ ಪಾತ್ರೆಗಳಿಗೆ ತಾಗಿಸಬಾರದು.

ನಮ್ಮ ಕಟ್ಟಿಗೆಯ ಗುಣ

ಅಮೇರಿಕೆಯಲ್ಲಿ ಚೆರಿ ಎಂಬ ಹಣ್ಣಿನ ಮರದ ಕಟ್ಟಿಗೆಯಿಂದ ಮೇಜು, ಕಪಾಟು ಮಾಡುತ್ತಾರೆ. ಮಾಡಿದಾಗ ಅದು ತಿಳಿಗೆಂಪು, ಬೆಳಕು ತಾಗಿದಂತೆಲ್ಲ ವರುಷದಿಂದ ವರುಷಕ್ಕೆ ಕೆಂಪು ಗಾಢವಾಗುತ್ತ ಹೋಗುತ್ತದೆ. ಅದಕ್ಕೆ ಎಣ್ಣೆ ಒಳ್ಳೆಯದೋ ವಾರ್ನಿಶೋ ಎಂಬ ವಾದ ಅಲ್ಲಿಯ ಬಡಿಗರಲ್ಲಿ ಮುಗಿಯುವುದೇ ಇಲ್ಲ. ಆ ಮರ ನಮ್ಮಲ್ಲಿಲ್ಲ. ಆದರೆ ಕರಿಜಾಲಿಯ ಕೆಚ್ಚು ಕೊಯ್ದಾಗ ನಸುಗೆಂಪಾಗಿದ್ದು ಗಾಳಿ ಬೆಳಕಿಗೆ ಕಂದುಗೆಂಪಾಗುವುದನ್ನು ಗಾಡಿ ಮಾಡಿಸಿದ ಎಲ್ಲರೂ ನೋಡಿದ್ದಾರೆ. ಬೇವಿನ ಕೆಚ್ಚೂ ಕೆಂಪೇ. ಹೆಸರಾದ ಮಹಾಗನಿ ಮರದ ಕುಲಕ್ಕೆ ಸೇರಿದ್ದು ಅದು. ಇಂಥ ಕಟ್ಟಿಗೆಯ ಮೇಲೆ ಕಡುಬಣ್ಣದ ಪಾಲಿಶು ಬಳಿಸುವುದು ನನಗೇನೋ ಸರಿ ಕಾಣುವುದಿಲ್ಲ. ಒಂದು ವರುಷ ತಾಳಿದರೆ ಕಟ್ಟಿಗೆ ತಾನೇ ಬಣ್ಣ ಕಟ್ಟುತ್ತದೆ.

ಹಚ್ಚುವ ಮೊದಲು ಕಟ್ಟಿಗೆ ಒಣಗಿರಬೇಕು. ಒಂದು ಅಂಗುಲ ದಪ್ಪದ ಹಲಗೆಗೆ ಒಂದು ವರುಷವೆಂದು ಬಡಿಗರ ಲೆಕ್ಕ, ನಮ್ಮ ಒಣ ಹವೆಯಲ್ಲಿ ಅದಕ್ಕೂ ಮುಂಚೆ ಒಣಗಬಹುದು. ನೆರಳಿನಲ್ಲಿ, ನಡುವೆ ಪಟ್ಟಿ ಕೊಟ್ಟು ಒಟ್ಟಬೇಕು. ಹಸಿ ಹಲಗೆಗೆ ವಾರ್ನಿಶು ಬಳಿದರೆ ಏಪ್ರಿಲ್-ಮೇ ತಿಂಗಳ ಬಿಸಿಗೆ ಹಲಗೆ ಕುಗ್ಗಿ, ಪದರ ಬಿರಿಯುತ್ತದೆ. ಹೊರಗಿನ ಬಿಳಿಗಟ್ಟಿಗೆಯನ್ನು ಹುಡಿಹುಳ ಬಿಡುವುದಿಲ್ಲ. ಎಣ್ಣೆಯಾಗಲಿ ವಾರ್ನಿಶಾಗಲಿ ಆಗಲೇ ಒಳಗೆ ಸೇರಿದ ಹುಳವನ್ನು ಕೊಲ್ಲದು. ಬಿಳಿಗಟ್ಟಿಗೆ ಬಿಡಿಸಿ ತೆಗೆಯಲು ಆಗದಿದ್ದರೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಮ್ಲ ಒಂದು ಪಾಲು ಕೂಡಿಸಿ, 100 ಲೀಟರ್ ನೀರಿಗೆ ಐದಾರು ಕಿಲೋ ಕರಗಿಸಿ ಅದರಲ್ಲಿ ಅದ್ದಿ ತೆಗೆದು ಒಣಗಿಸಬೇಕು. ಇದು ಮನೆಯೊಳಗಿನ ಸಾಮಾನಿಗೆ ಮಾತ್ರ. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ.

ಜಾಲಿಯಲ್ಲಿ ಒಗರು ಹೆಚ್ಚು. ಕಬ್ಬಿಣದ ಮೊಳೆ ಹಸಿ ಜಾಲಿಗೆ ತಾಗಿದಲ್ಲಿ ನೀಲಿಗಪ್ಪು ಕಲೆ ಬೀಳುತ್ತದೆ, ಅದರ ಮೇಲೆ ಎಣ್ಣೆ ಹಚ್ಚಿದರೆ ಕಲೆ ಇನ್ನೂ ಎದ್ದು ಕಾಣುತ್ತದೆ. ಸಾಗವಾನಿಯಲ್ಲಿ ಹುಟ್ಟು ಜಿಡ್ಡಿದೆ. ಹಚ್ಚುವ ಮುಂಚೆ ಸ್ಪಿರಿಟ್ ಅದ್ದಿದ ಅರಿವೆಯಿಂದ ಒಂದು ಸಲ ಒರೆಸಿಕೊಂಡರೆ ಎಣ್ಣೆ, ವಾರ್ನಿಶು ಎರಡೂ ಹಿಡಿಯುತ್ತವೆ. ಬೀಟೆಯಂತೂ ಎಣ್ಣೆಯನ್ನು ಆರಗೊಡುವುದೇ ಇಲ್ಲ. ಅದಕ್ಕೆ ಮೊದಲು ಅರಗಿನ ಪಾಲಿಶಿನ ಒಂದು ತೆಳು ಕೈ ಬೇಕು.

ಕೃಷ್ಣಾ ಹಿನ್ನೀರಿಗೆ ಸಿಕ್ಕ ಊರುಗಳಿಂದ ಬಿಚ್ಚಿ ತಂದ ಹಳೆಯ ಬಾಗಿಲು, ಕಂಬ, ಜಂತಿಗಳು ಪುನರ್ವಸತಿ ಕೇಂದ್ರಗಳ ಮನೆಗಳಲ್ಲಿವೆ. ಇವನ್ನು ರಂದ ಹೊಡೆದು ಹೊಸದರಂತೆ ಮಾಡುವ ಹುರುಪು ಬೇಡ. ಮೂರು ತಲೆಮಾರಿನ ಕೈ ತಾಗಿ ಬಂದ ಬಣ್ಣ ಮತ್ತೆ ಬಾರದು. ಒಲೆಯ ಹೊಗೆ, ಜಿಡ್ಡು ಮಾತ್ರ ಸೋಪಿನ ನೀರಿನಲ್ಲಿ ತೊಳೆದು, ವಾರವಿಡೀ ಆರಲು ಬಿಟ್ಟು, ತೆಳ್ಳಗೆ ಅಗಸಿ ಎಣ್ಣೆ ಉಜ್ಜಿದರೆ ಸಾಕು. ಹಳೆಯ ಬಣ್ಣವಿದ್ದರೆ ಎಚ್ಚರಿಕೆ ಬೇಕು. ಮುಂಚೆ ಬಣ್ಣಗಳಲ್ಲಿ, ಬೇಗ ಆರಲೆಂದು ಎಣ್ಣೆಯಲ್ಲಿ ಕೂಡ ಸೀಸವನ್ನು ಸೇರಿಸುತ್ತಿದ್ದರು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರದಿಂದ ಜಾರಿಗೆ ತಂದಿದೆ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗಲೇ ತಿಕ್ಕಿ ಧೂಳೆಬ್ಬಿಸಬಾರದು, ಸುಡಲೂಬಾರದು. ನೀರು ಹಚ್ಚಿ ಹಸಿಯಾಗಿಯೇ ಕೆರೆದು, ಕೆರೆದದ್ದನ್ನು ಕೂಡಿಸಿ ಮಕ್ಕಳು, ಕೋಳಿ, ದನ ತಿರುಗಾಡದ ಕಡೆ ಹುಗಿಯಿರಿ. ಬಾವಿಯ ಹತ್ತಿರ ಬೇಡ. ಮಕ್ಕಳ ಮಿದುಳಿಗೆ ಸೀಸ ವಿಷ.

ವಾರ್ನಿಶು ಮತ್ತು ಅರಗು

ವಾರ್ನಿಶೆಂದರೆ ಆರುವ ಎಣ್ಣೆಯಲ್ಲಿ ರಾಳವನ್ನು ಬೇಯಿಸಿ ಕೂಡಿಸಿದ್ದು. ಪಶ್ಚಿಮ ಘಟ್ಟದ ಧೂಪದ ಮರದ ಬಿಳಿ ರಾಳವೂ ಹಿಂದೆ ಇದಕ್ಕೆ ಸಲ್ಲುತ್ತಿತ್ತು. ಈಗಿನ ಡಬ್ಬಿಗಳಲ್ಲಿ ಕಾರಖಾನೆಯ ಅಲ್ಕಿಡ್ ಅಥವಾ ಪಾಲಿಯುರೆಥೇನ್ ರಾಳವಿರುತ್ತದೆ. ರಾಳ ಹೆಚ್ಚಾದಷ್ಟೂ ಪದರ ಗಟ್ಟಿ, ಹೊಳಪು ಹೆಚ್ಚು, ಬಿಸಿಲಿಗೆ ಬಿರಿಯುವುದೂ ಹೆಚ್ಚು. ಎಣ್ಣೆ ಹೆಚ್ಚಾದರೆ ಪದರ ಬಾಗುತ್ತದೆ, ಕಟ್ಟಿಗೆಯ ಜೊತೆ ಹಿಗ್ಗಿ ಕುಗ್ಗುತ್ತದೆ. ಹೊರಬಾಗಿಲಿಗೆ ವಾರ್ನಿಶೇ ಬೇಕೆನ್ನುವವರು ಎಣ್ಣೆ ಹೆಚ್ಚಿರುವ, ಹೊರಬಳಕೆಗೆಂದೇ ಬರೆದ ಡಬ್ಬಿಯನ್ನು ಕೇಳಿ ತರಬೇಕು. ನೀರು ಚೆಲ್ಲುವ, ಬಿಸಿ ಪಾತ್ರೆ ಇಡುವ ಮೇಜಿಗೆ ವಾರ್ನಿಶಿಗಿಂತ ಒಳ್ಳೆಯ ರಕ್ಷಣೆ ಇಲ್ಲ. ಅದರ ದೋಷವೆಂದರೆ ಒಂದು ಕಡೆ ಸುಲಿದರೆ ಅಷ್ಟಕ್ಕೇ ತೇಪೆ ಹಾಕಲಾಗದು, ಪೂರ್ತಿ ತಿಕ್ಕಿ ತೆಗೆಯಬೇಕು.

ಅರಗಿನ ಪಾಲಿಶು ಇನ್ನೊಂದು ಬಗೆ. ಅರಗು ಒಂದು ಸಣ್ಣ ಹುಳ ಮುತ್ತಗ, ಬಾರಿ, ಜಾಲಿಯಂಥ ಗಿಡಗಳ ಮೇಲೆ ಕಟ್ಟುವ ವಸ್ತು. ಚನ್ನಪಟ್ಟಣದ ಆಟಿಗೆಗಳ ಹೊಳಪು ಇದರದೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರಖಾನೆಯೇ 1962ರಿಂದ ನಮ್ಮ ಬೆರಳಿಗೆ ಹಚ್ಚುವ ಮತದಾನದ ಮಸಿಯನ್ನು ತಯಾರಿಸುತ್ತ ಬಂದಿದೆ. ಮಾಡಿಕೊಳ್ಳುವುದು ಸುಲಭ: ಲೀಟರ್ ಸ್ಪಿರಿಟಿಗೆ 150 ಗ್ರಾಮ್ ಅರಗಿನ ಚಕ್ಕೆ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಸೋಸಿಕೊಂಡು, ಹತ್ತಿಯನ್ನು ಅರಿವೆಯಲ್ಲಿ ಕಟ್ಟಿದ ಉಂಡೆಯಿಂದ ತಿಕ್ಕುವುದು. ತಾಸೊಳಗೆ ಆರುತ್ತದೆ. ಆದರೆ ಬಿಸಿ ಚಹದ ಬಟ್ಟಲಿಟ್ಟರೆ ಬಿಳಿ ಉಂಗುರ ಬೀಳುತ್ತದೆ, ಮೋಡ ಕವಿದ ದಿನ ಹಚ್ಚಿದರೆ ಮೈಯೆಲ್ಲ ಮಂಜು ಕಟ್ಟಿದಂತಾಗುತ್ತದೆ. ದೇವರ ಮಂಟಪ, ಕನ್ನಡಿಯ ಚೌಕಟ್ಟು, ಬಟ್ಟೆಯ ಕಪಾಟಿನ ಒಳಮೈಗೆ ಇದು ತಕ್ಕದ್ದು. ಎಣ್ಣೆಯ ವಾಸನೆ ಬಟ್ಟೆಗೆ ಹತ್ತುವುದರಿಂದ ಕಪಾಟಿನ ಒಳಗೆ ಎಣ್ಣೆ ಬೇಡವೇ ಬೇಡ.

ಮೂರು ಪಾಲಿನ ಮಿಶ್ರಣ

ಮನೆಯೊಳಗಿನ ಮಂಚ, ಕುರ್ಚಿ, ಕಪಾಟಿನ ಹೊರಮೈ, ನಡುಮನೆಯ ಬಾಗಿಲು ಇವುಗಳಿಗೆ ನಮ್ಮ ಸಲಹೆ ಎಣ್ಣೆ-ವಾರ್ನಿಶುಗಳ ಮಿಶ್ರಣ. ಕುದಿಸಿದ ಅಲಸಿ ಎಣ್ಣೆ ಒಂದು ಪಾಲು, ಒಳ್ಳೆಯ ಎಣ್ಣೆ ವಾರ್ನಿಶು ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು. ಬೇವಿನ ತಿಳಿಬಣ್ಣ ಹಳದಿಯಾಗಬಾರದೆಂದರೆ ಅಗಸಿಯ ಬದಲು ಗಾಣದ ಕುಸುಬಿ ಎಣ್ಣೆ ಹಾಕಿರಿ, ಆದರೆ ಎರಡು ಕೈಗಳ ನಡುವೆ ಎರಡು ಮೂರು ದಿನ ಹೆಚ್ಚು ಕಾಯಿರಿ. ವಾರ್ನಿಶಿನಲ್ಲಿಯ ಲೋಹದ ಲವಣ ಕುಸುಬಿಯನ್ನೂ ಎಳೆದುಕೊಂಡು ಆರುತ್ತದೆ.

ಕೆಲಸದ ಕ್ರಮ ಹೀಗಿದೆ. ಉಸುಕಿನ ಕಾಗದವನ್ನು ಎಳೆಯ ಗುಂಟ ತಿಕ್ಕಿರಿ, ಮೊದಲು 80ರ ನಂಬರು, ಆಮೇಲೆ 120, ಕಡೆಗೆ 180. ಬೇವಿನ ಎಳೆ ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ ಹೆಣೆದಿರುವುದರಿಂದ ರಂದದ ಗಾಯ ಉಳಿಯುತ್ತದೆ, ಆದ್ದರಿಂದ ಈ ಕೆಲಸದಲ್ಲಿ ಅವಸರ ಬೇಡ. ಧೂಳು ಒರೆಸಿ, ಮಿಶ್ರಣವನ್ನು ಅರಿವೆಯಿಂದ ಧಾರಾಳವಾಗಿ ಹಚ್ಚಿರಿ. ಕಾಲು ತಾಸು, ಹೆಚ್ಚೆಂದರೆ ಇಪ್ಪತ್ತು ನಿಮಿಷ ಕುಡಿಯಲು ಬಿಡಿರಿ. ಒಣಗಿದಂತೆ ಕಂಡ ಕಡೆ ಮತ್ತೆ ಹಚ್ಚಿರಿ. ಆ ಬಳಿಕ ಮೇಲೆ ನಿಂತ ಎಣ್ಣೆಯನ್ನೆಲ್ಲ ಒಣ ಅರಿವೆಯಿಂದ ಒರೆಸಿ ತೆಗೆಯಿರಿ. ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ, ಏಕೆಂದರೆ ಕೆಡುವುದು ಇಲ್ಲಿಯೇ. ದಪ್ಪ ಬಿಟ್ಟರೆ ಹೆಚ್ಚು ಹೊಳೆಯುವುದೆಂದು ಬಿಡುತ್ತಾರೆ. ಮೇಲಿನ ಪದರ ಗಾಳಿ ಕುಡಿದು ಆರುತ್ತದೆ, ಒಳಗಿನದಕ್ಕೆ ಗಾಳಿ ಸಿಗುವುದಿಲ್ಲ, ಸುಕ್ಕುಗಟ್ಟಿ ತಿಂಗಳುಗಟ್ಟಲೆ ಜಿಗುಟಾಗಿಯೇ ಉಳಿಯುತ್ತದೆ. ಮರುದಿನ ಅಥವಾ ಮೂರನೆಯ ದಿನ 220ರ ಕಾಗದದಿಂದ ಹಗುರಾಗಿ ತಿಕ್ಕಿ ಎರಡನೆಯ ಕೈ. ಮೂರು ಕೈಗೆ ಮಂಚ ಸಿದ್ಧ. ಊಟದ ಮೇಜಾದರೆ ಐದು. ಒಂದು ಲೀಟರ್ ಮಿಶ್ರಣ ಮೊದಲ ಕೈಗೆ ಸುಮಾರು 100 ಚದರ ಅಡಿಗೆ ಬರುತ್ತದೆ, ಕಟ್ಟಿಗೆ ಕುಡಿಯುವುದರ ಮೇಲೆ ಹೆಚ್ಚು ಕಡಿಮೆ.

ಹಲಗೆಯ ಒಂದೇ ಮಗ್ಗುಲಿಗೆ ಹಚ್ಚಿ ಬಿಡಬಾರದು. ಬಾಗಿಲಿನ ಹೊರಗೆ ಮೂರು ಕೈ, ಒಳಗೆ ಬರಿಯ ಕಟ್ಟಿಗೆ ಎಂದರೆ ಮಳೆಗಾಲದಲ್ಲಿ ಒಳಮೈ ತೇವ ಕುಡಿದು ಹಿಗ್ಗಿ ಹಲಗೆ ಬಾಗುತ್ತದೆ. ಕೆಳಗಿನ ಅಂಚು, ಮೇಲಿನ ಅಂಚು ಯಾರಿಗೂ ಕಾಣವು, ನೀರು ಹತ್ತುವುದು ಅಲ್ಲಿಂದಲೇ. ಬಾಗಿಲು ನಿಲ್ಲಿಸುವ ಮುಂಚೆ ಅವಕ್ಕೆ ಎರಡು ಕೈ ಹೆಚ್ಚು ಕುಡಿಸಿರಿ.

ಹೊರಗಿನ ತಲಬಾಗಿಲು, ಗಾಡಿ, ಕೂರಿಗೆ, ಕುಂಟೆಗಳ ಮಾತು ಬೇರೆ. ನಮ್ಮ ಬಿಸಿಲಿಗೆ ಬಣ್ಣವಿಲ್ಲದ ಯಾವ ಪದರವೂ ಬಹಳ ಕಾಲ ತಾಳದು. ಬೆಳಕು ಪದರದ ಮೂಲಕ ಇಳಿದು ಕಟ್ಟಿಗೆಯ ಮೈಯನ್ನೇ ಸಡಿಲಿಸುತ್ತದೆ. ಇವಕ್ಕೆ ಬರಿಯ ಅಗಸಿ ಎಣ್ಣೆ ಲೇಸು. ಅದು ಸುಲಿಯುವುದಿಲ್ಲ, ಸವೆಯುತ್ತದೆ. ಸವೆದಲ್ಲಿ ಮತ್ತೆ ಸವರಿದರಾಯಿತು. ತುಸು ಕೆಮ್ಮಣ್ಣಿನ ನಯವಾದ ಪುಡಿ ಬೆರೆಸಿದರೆ ಬಿಸಿಲಿನ ತಡೆ ಹೆಚ್ಚುತ್ತದೆ. ಬಿಟ್ಟ ಎಂಜಿನ್ ಎಣ್ಣೆಯನ್ನು ಗಾಡಿಗೆ, ಮಂಚಕ್ಕೆ ಬಳಿಯುವುದು ಹಲವು ಕಡೆ ರೂಢಿಯಾಗಿದೆ. ಅದು ಆರದು, ಮೈಗೆ ಹತ್ತುತ್ತದೆ, ಚರ್ಮಕ್ಕೆ ಕೇಡು. ನೊಗಕ್ಕೆ ಬಳಿದರೆ ಎತ್ತಿನ ಹೆಗಲಿಗೂ ಅಷ್ಟೇ. ಎಣ್ಣೆಗಿಂತ ದೊಡ್ಡ ರಕ್ಷಣೆ ಮಾಡಿನದು. ವಿಜಯಪುರದ ಅಸಾರ್ ಮಹಲಿನ ಎತ್ತರದ ಸಾಗವಾನಿ ಕಂಬಗಳು 1646ರ ಸುಮಾರಿನವು. ಮುಂಭಾಗ ತೆರೆದಿದ್ದರೂ ಮೇಲೆ ಸೂರಿದೆ. ತಲಬಾಗಿಲ ಮೇಲೆ ಎರಡು ಅಡಿ ಛಜ್ಜ ಬಿಡಿಸಿದರೆ ಎಷ್ಟೋ ಡಬ್ಬಿ ವಾರ್ನಿಶು ಉಳಿಯುತ್ತದೆ.

ತೊಟ್ಟಿಲು, ಮಕ್ಕಳ ಗಾಡಿ, ರೊಟ್ಟಿಯ ಹಿಟ್ಟು ನಾದುವ ಕಟ್ಟಿಗೆಯ ಪಾತ್ರೆ, ಸೌಟು ಇವಕ್ಕೆ ಲವಣ ಸೇರದ ಗಾಣದ ಕುಸುಬಿ ಅಥವಾ ಅಗಸಿ ಎಣ್ಣೆ ಮಾತ್ರ. ತೆಳ್ಳಗೆ ಹಚ್ಚಿ, ಪೂರ್ತಿ ಒರೆಸಿ, ಬಳಕೆಗೆ ತೆಗೆಯುವ ಮುಂಚೆ ಒಂದು ತಿಂಗಳು ಗಾಳಿಗೆ ಬಿಡಬೇಕು. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿಕೊಂಡರೆ ಮೇಲೆ ಉಜ್ಜಲು ಒಳ್ಳೆಯ ಪಾಲಿಶಾಗುತ್ತದೆ.

ಒರೆಸಿದ ಅರಿವೆಯಿಂದ ಬೆಂಕಿ

ಎಣ್ಣೆ ಗಾಳಿಯನ್ನು ಹೀರುವಾಗ ಬಿಸಿ ಹುಟ್ಟುತ್ತದೆಂದು ಮೇಲೆ ಹೇಳಲಿಲ್ಲ, ಇಲ್ಲಿಗೆಂದು ಉಳಿಸಿದೆ. ಹಲಗೆಯ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ. ಎಣ್ಣೆ ಹೀರಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಹೋಗಲು ದಾರಿಯಿಲ್ಲ. ಬಿಸಿ ಒಳಗೇ ಕೂಡುತ್ತ, ಆರುವ ವೇಗ ಹೆಚ್ಚುತ್ತ, ಕೆಲವು ತಾಸುಗಳಲ್ಲಿ ಕಡ್ಡಿ ಗೀರದೆಯೇ ಅರಿವೆ ತಾನೇ ಹೊತ್ತಿಕೊಳ್ಳುತ್ತದೆ. ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರುವರಿ 23ರಂದು 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದು ಅಗ್ನಿಶಾಮಕ ದಳದ ಮೂವರು ಸತ್ತರು. ಕಾರಣ, ಗೋಡೆಯ ಹಲಗೆಗಳಿಗೆ ಅಗಸಿ ಎಣ್ಣೆ ಒರೆಸಿದ ಅರಿವೆಗಳನ್ನು ಕೆಲಸಗಾರರು ರಾಶಿ ಬಿಟ್ಟು ಹೋದದ್ದು.

ನಮ್ಮ ಮನೆಗಳಲ್ಲಿ ಬಡಿಗನ ಕೆಲಸ ನಡೆಯುವುದು ದನದ ಕೊಟ್ಟಿಗೆಯ ಪಕ್ಕದಲ್ಲಿ. ಅಲ್ಲಿಯೇ ಕಣಕಿಯ ಬಣವಿ, ಹತ್ತಿಯ ಅಂಡಿಗೆ, ರಂದದ ಹೊಟ್ಟು. ಸಂಜೆ ಕೆಲಸ ಮುಗಿಸಿ ಅರಿವೆಯನ್ನು ಹೊಟ್ಟಿನ ರಾಶಿಯ ಮೇಲೆ ಬಿಸುಟು ಹೋದರೆ ಬೆಂಕಿ ಏಳುವುದು ಎಲ್ಲರೂ ಮಲಗಿದ ಮೇಲೆ. ಎತ್ತುಗಳ ಕಣ್ಣಿ ಬಿಚ್ಚುವವರೂ ಇರುವುದಿಲ್ಲ. ಆದ್ದರಿಂದ ಬಡಿಗ ಹೊರಡುವ ಮುಂಚೆ ಮನೆಯವರೇ ನಿಂತು ನೋಡಬೇಕು. ಪ್ರತಿ ಅರಿವೆಯನ್ನೂ ಬಿಡಿಸಿ ಬಯಲಿನಲ್ಲಿ ಕಲ್ಲಿನ ಮೇಲೆ ಒಂದೊಂದಾಗಿ ಹರವಿ, ಹಾರದಂತೆ ಹೇರು ಇಡಬೇಕು. ಗಡುಸಾದ ಮೇಲೆ ಅಪಾಯವಿಲ್ಲ. ಅಷ್ಟು ಪುರುಸೊತ್ತಿಲ್ಲದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿರಿ. ಅಗಸಿ, ಕುಸುಬಿ, ಎಣ್ಣೆ ವಾರ್ನಿಶು, ಮಿಶ್ರಣ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಎಣ್ಣೆ ಚೆಲ್ಲಿದ ಹೊಟ್ಟಿಗೂ ಅಷ್ಟೇ. ಟರ್ಪೆಂಟೈನ್ ಮತ್ತು ಸ್ಪಿರಿಟ್ ಇರುವ ಕಡೆ ಬೀಡಿ, ಒಲೆ ಬೇಡವೆಂದು ಬೇರೆ ಹೇಳಬೇಕಾಗಿಲ್ಲ.

ಹಚ್ಚುವ ಕಾಲಕ್ಕೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಒಣ ಹವೆ ಚೆನ್ನ, ರಾಶಿಯ ಧೂಳು ಏಳುವ ದಿನಗಳನ್ನು ಬಿಟ್ಟು. ಏಪ್ರಿಲ್-ಮೇದಲ್ಲಿ ಹಚ್ಚುವುದಾದರೆ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ. ಒಳಗಿನ ಸಾಮಾನಿಗೆ ಎರಡು ಮೂರು ವರುಷಕ್ಕೊಮ್ಮೆ ಮಿಶ್ರಣದ ಒಂದು ಕೈ ಸಾಕು. ಹೊರಬಾಗಿಲಿಗೆ ಪ್ರತಿ ವರುಷ ಮಳೆಗಾಲ ಕಳೆದು ಕಟ್ಟಿಗೆ ಒಣಗಿದ ಮೇಲೆ ಒಂದು ಕೈ ಅಗಸಿ ಎಣ್ಣೆ ಬೇಕು. ಹನಿ ನೀರು ಹಾಕಿ ನೋಡಿರಿ: ಮಣಿಯಂತೆ ನಿಂತರೆ ಈ ವರುಷ ಬೇಡ, ಹರಡಿ ಒಳಗಿಳಿದರೆ ಹಚ್ಚುವ ಕಾಲ ಬಂದಿದೆ.